ಶರತ್ಕಾಲದ ಮೂರು ಕೈಕೆಲಸಗಳು

ಯೂರೋಪು, ಉತ್ತರ ಅಮೆರಿಕ, ಜಪಾನು ಮುಂತಾದ ಶೀತಲ ಸೀಮೆಗಳಲ್ಲಿ ಶರತ್ಕಾಲವೆಂದರೆ ಎಲೆ ಉದುರುವ ಕಾಲ. ಹಗಲು ಕಿರಿದಾಗಿ ಚಳಿ ಮೊದಲಾದೊಡನೆ ಅಲ್ಲಿಯ ಅನೇಕ ಮರಗಳು ತಮ್ಮ ಎಲೆಗಳಲ್ಲಿರುವ ಪತ್ರಹರಿತ್ತನ್ನು ಒಡೆದು, ದೊರೆತ ಸಾರದಲ್ಲಿ ಸಾಧ್ಯವಾದಷ್ಟನ್ನು ರೆಂಬೆಗೂ ಕಾಂಡಕ್ಕೂ ಹಿಂದಕ್ಕೆ ಸೆಳೆದುಕೊಳ್ಳುತ್ತವೆ. ಹಸಿರು ಮಾಯವಾದಾಗ ಅದುವರೆಗೆ ಅದರ ಮರೆಯಲ್ಲಿ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಲವು ಜಾತಿಯ ಮರಗಳಲ್ಲಿ ಕೆಂಪು ಬಣ್ಣವು ಆಗ ಹೊಸದಾಗಿಯೇ ಹುಟ್ಟುತ್ತದೆ. ಆ ದೇಶಗಳ ಮಕ್ಕಳು ಈ ಎಲೆಗಳನ್ನು ಆಯ್ದು ಕಾಗದಕ್ಕೆ ಅಂಟಿಸಿ ಚಿತ್ರಗಳನ್ನು ಮಾಡುತ್ತಾರೆ. ಪೈನ್ ಮರದ ಒಣಗಿದ ಕಾಯಿಗಳಿಂದ ಹಕ್ಕಿಯನ್ನೋ ಅಳಿಲನ್ನೋ ರಚಿಸುತ್ತಾರೆ.

ನಮ್ಮ ನಾಡಿನ ಶರತ್ತು ಬೇರೆ ಬಗೆಯದು. ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ನಮ್ಮ ಮರಗಳು ಬೋಳಾಗುವುದಿಲ್ಲ. ನಮ್ಮಲ್ಲಿ ಎಲೆಯುದುರುವ ಕಾಲ ಶಿಶಿರ. ಶರತ್ತಿನಲ್ಲಿ ನಾವು ಕಾಣುವುದು ಮಳೆಯಲ್ಲಿ ಮಿಂದು ಬಲಿತ ಎಲೆ, ಧೂಳಡಗಿದ ಆಕಾಶದಿಂದ ಬೀಳುವ ನಿರ್ಮಲವಾದ ಬಿಸಿಲು, ಬಯಲಿನಲ್ಲಿ ತೆನೆಬಿಟ್ಟು ನಿಂತ ಹುಲ್ಲು. ಹೀಗಿರುವಲ್ಲಿ ಪರದೇಶದ ಪುಸ್ತಕವನ್ನು ನೋಡಿಕೊಂಡು ನಮ್ಮ ಮಕ್ಕಳಿಂದ ಬಣ್ಣದ ಕಾಗದದಲ್ಲಿ ಕೆಂಪು ಎಲೆಗಳನ್ನು ಕತ್ತರಿಸುವಂತೆ ಮಾಡುವುದರಲ್ಲಿ ಅರ್ಥವಿಲ್ಲ. ಋತುವು ನಮ್ಮ ಕೈಗೆ ಕೊಟ್ಟಿರುವುದು ಎಲೆ, ಬಿಸಿಲು, ಹುಲ್ಲು. ಈ ಮೂರರಿಂದ ಮಾಡಬಹುದಾದ ಮೂರು ಕೈಕೆಲಸಗಳನ್ನು ಇಲ್ಲಿ ವಿವರಿಸುತ್ತೇವೆ.

ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು. ಅವರ ಮನೆಯಲ್ಲೋ ನೆರೆಮನೆಯಲ್ಲೋ ಐದಾರು ವರ್ಷದ ತಮ್ಮನೋ ತಂಗಿಯೋ ಇರದಿರುವುದಿಲ್ಲ. ದಸರೆಯ ರಜೆಯೂ ಕೈಯಲ್ಲಿದೆ. ಕೆಲಸಕ್ಕೆ ತೊಡಗುವ ಮೊದಲು ಎರಡು ನಿಯಮಗಳನ್ನು ನೆನಪಿಡಬೇಕು. ಕೆಲಸದ ಹೆಚ್ಚಿನ ಭಾಗ ಮಗುವಿನ ಕೈಯಿಂದಲೇ ಆಗತಕ್ಕದ್ದು. ದೊಡ್ಡವರು ಮಾಡಿ ಮಗುವಿಗೆ ತೋರಿಸಿದರೆ ಅದು ಪ್ರದರ್ಶನವಾಗುತ್ತದೆಯೇ ಹೊರತು ಕೈಕೆಲಸವಾಗುವುದಿಲ್ಲ. ಎರಡನೆಯದಾಗಿ, ಮಗುವು ಕೈಗೆತ್ತಿಕೊಂಡ ವಸ್ತು ತಾನೂ ಏನಾದರೊಂದು ಮಾಡುವಂತಿರಬೇಕು: ಬದಲಾಗಬೇಕು, ಬಣ್ಣ ತಿರುಗಬೇಕು, ಚಲಿಸಬೇಕು. ಆಗ ಮಗುವಿಗೆ "ಏಕೆ?" ಎಂದು ಕೇಳುವ ಕಾರಣ ದೊರೆಯುತ್ತದೆ.

ಅರಳಿ ಎಲೆಯ ಹಂದರ

ಅರಳಿಯ ಎಲೆಯನ್ನು ನೀರಿನಲ್ಲಿ ಕೊಳೆಯಿಸಿ, ಅದರ ಮೃದುಭಾಗವನ್ನು ಕಳೆದು, ನರಗಳ ಜಾಲವನ್ನು ಮಾತ್ರ ಉಳಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ವಿದ್ಯೆ. ಅಂಥ ಜಾಲದ ಮೇಲೆ ದೇವರ ಚಿತ್ರಗಳನ್ನು ಬರೆದುದನ್ನು ವಾಚಕರು ನೋಡಿರಬಹುದು. ಯೂರೋಪಿನಲ್ಲಿಯೂ ಹಾಲೆಂಡಿನ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞನಾದ ಫ್ರೆಡರಿಕ್ ರೂಯ್ಸ್ (೧೬೩೮-೧೭೩೧) ಪ್ರಾಣಿಗಳ ಅಸ್ಥಿಪಂಜರದಂತೆಯೇ ಎಲೆಗಳ 'ಪಂಜರ'ಗಳನ್ನೂ ಸಿದ್ಧಪಡಿಸಿದ್ದನು.

ನವರಾತ್ರಿಯ ಮೊದಲನೆಯ ದಿನ ಈ ಕೆಲಸವನ್ನು ಆರಂಭಿಸುವುದು ಅನುಕೂಲ. ಪೂರ್ತಿ ಬೆಳೆದ, ಹುಳು ತಿನ್ನದ ಎಂಟು ಹತ್ತು ಅರಳಿ ಎಲೆಗಳನ್ನು ಮಗುವೇ ಆರಿಸಲಿ. ಅಗಲ ಬಾಯಿಯ ಹಳೆಯ ಮಡಕೆಯಲ್ಲಿ ಅವನ್ನು ಹರಡಿ, ಮುಳುಗುವಷ್ಟು ನೀರು ಹೊಯ್ದು, ತೇಲದಂತೆ ಮೇಲೆ ಒಂದು ಕಲ್ಲನ್ನಿಡಬೇಕು. ಮಡಕೆಯ ಬಾಯಿಗೆ ತೆಳುವಾದ ಬಟ್ಟೆಯನ್ನು ಬಿಗಿಯಾಗಿ ಕಟ್ಟುವುದನ್ನು ಮರೆಯಬಾರದು. ಇಲ್ಲವಾದರೆ ಎಲೆಯ ಹಂದರಕ್ಕಿಂತ ಮೊದಲು ಸೊಳ್ಳೆಗಳು ಸಿದ್ಧವಾಗುತ್ತವೆ. ಕೆಲವು ದಿನಗಳಲ್ಲಿ ನೀರು ನಾರುವುದರಿಂದ ಮಡಕೆಯು ಹಿತ್ತಲಿನಲ್ಲಿರುವುದು ಲೇಸು. ನೀರು ಇಂಗಿದಷ್ಟನ್ನು ತುಂಬುತ್ತಿದ್ದರೆ ಸಾಕು.

ವಾರಕ್ಕೊಂದು ಎಲೆಯನ್ನು ಹೊರಗೆ ತೆಗೆದು ನೋಡುವುದು ಮಗುವಿಗೆ ವಿನೋದ, ದೊಡ್ಡವರಿಗೆ ಪಾಠ. ಮೊದಲನೆಯ ವಾರದ ಎಲೆ ಮಂಕಾಗಿರುತ್ತದೆ. ಎರಡನೆಯ ವಾರದ್ದು ಕಂದಿ ಜಾರುತ್ತದೆ. ಮೂರನೆಯ, ನಾಲ್ಕನೆಯ ವಾರಗಳಲ್ಲಿ ಬೆರಳಿನಿಂದ ಉಜ್ಜಿದರೆ ಮೇಲಿನ ಪೊರೆ ಸುಲಿದುಬರುತ್ತದೆ. ಪಾಡ್ಯದಂದು ಹಾಕಿದ ಎಲೆ ನರಕ ಚತುರ್ದಶಿಯ ಹೊತ್ತಿಗೆ ನಾಲ್ಕು ವಾರಗಳನ್ನು ಕಳೆದು ಸಾಮಾನ್ಯವಾಗಿ ಹದಕ್ಕೆ ಬಂದಿರುತ್ತದೆ. ಅದನ್ನು ತಟ್ಟೆಯ ಶುದ್ಧವಾದ ನೀರಿನಲ್ಲಿಟ್ಟು, ಹಲ್ಲುಜ್ಜುವ ಹಳೆಯ ಮೃದುವಾದ ಬ್ರಷ್ಷಿನಿಂದ ನಡುನರದಿಂದ ಅಂಚಿನ ಕಡೆಗೆ ಮೆಲ್ಲಗೆ ತಟ್ಟುತ್ತ ಬಂದರೆ ತಿರುಳೆಲ್ಲ ಕಳಚಿ, ಬಲೆಯಂಥ ಹಂದರ ಉಳಿಯುತ್ತದೆ. ಹಳೆಯ ವೃತ್ತಪತ್ರಿಕೆಗಳ ನಡುವೆ ಅದನ್ನಿರಿಸಿ, ಮೇಲೆ ಭಾರ ಹೇರಿ ಒಣಗಿಸಬೇಕು. ಕೊನೆಯಲ್ಲಿ ಕೈಗಳನ್ನು ಸಾಬೂನು ಹಚ್ಚಿ ಚೆನ್ನಾಗಿ ತೊಳೆಯುವುದು ಅವಶ್ಯ.

ಇಲ್ಲಿ ನಡೆದುದೇನು? ಎಲೆಯ ಮೃದುವಾದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಗಾರೆಯೆಂದರೆ ಪೆಕ್ಟಿನ್ ಎಂಬ ವಸ್ತು. ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಕರಗಿಸಿ ಆಹಾರ ಮಾಡಿಕೊಳ್ಳುತ್ತವೆ. ಆದರೆ ನೀರನ್ನು ಸಾಗಿಸುವ ನಾಳಗಳ ಭಿತ್ತಿಯಲ್ಲಿ ಲಿಗ್ನಿನ್ ಎಂಬ ಗಟ್ಟಿಯಾದ ಪದಾರ್ಥ ಸೇರಿದೆ. ಮರವು ಮರವಾಗಿ ನಿಲ್ಲುವುದು ಅದರ ಬಲದಿಂದಲೇ. ನಾಲ್ಕು ವಾರಗಳಲ್ಲಿ ಸೂಕ್ಷ್ಮಜೀವಿಗಳಿಂದ ಅದನ್ನು ಜೀರ್ಣಿಸಿಕೊಳ್ಳುವುದು ಆಗದ ಮಾತು. ಸೆಣಬಿನ ದಂಟುಗಳನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುವ ಉದ್ಯಮಕ್ಕೂ ಇದೇ ಆಧಾರ: ಮೆತ್ತನೆಯದು ಮೊದಲು ಅಳಿಯುತ್ತದೆ, ಗಟ್ಟಿಯಾದುದು ಉಳಿಯುತ್ತದೆ.

ಹಂದರವನ್ನು ಬೆಳಕಿಗೆ ಹಿಡಿದು, ತೊಟ್ಟಿನಿಂದ ಎಲೆಯ ಅಂಚಿನ ಯಾವುದಾದರೊಂದು ಬಿಂದುವಿಗೆ ದಾರಿ ಹುಡುಕೆಂದು ಮಗುವಿಗೆ ಹೇಳಿರಿ. ಒಂದಲ್ಲ, ಹಲವು ದಾರಿಗಳಿವೆಯೆಂದು ಅದು ಬೇಗನೆ ಕಂಡುಕೊಳ್ಳುತ್ತದೆ. ನರಗಳು ಕೊಂಬೆಗಳಂತೆ ಕವಲೊಡೆಯುವುದಷ್ಟೇ ಅಲ್ಲದೆ ಮತ್ತೆ ಮತ್ತೆ ಒಂದನ್ನೊಂದು ಕೂಡಿ ಸಣ್ಣ ಸಣ್ಣ ಮನೆಗಳಾಗಿರುತ್ತವೆ. ಹುಳುವೊಂದು ಎಲೆಯ ನಡುವೆ ತೂತು ಕೊರೆದರೂ ಆಚೆಯ ಭಾಗಕ್ಕೆ ಬಳಸುದಾರಿಯಿಂದ ನೀರು ತಲಪಲು ಈ ಏರ್ಪಾಡು ನೆರವಾಗುತ್ತದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ನಾಲ್ಕು ವಾರ ಕಾಯುವ ಸಹನೆ ನಮಗಿರಲಿಲ್ಲ. ಒಗೆಯುವ ಸೋಡವನ್ನು ನೀರಿನಲ್ಲಿ ಕರಗಿಸಿ ಎಲೆಗಳನ್ನು ಒಲೆಯ ಮೇಲೆ ಕುದಿಸಿದೆವು. ಹಂದರವೇನೋ ಕೆಲವೇ ಗಂಟೆಗಳಲ್ಲಿ ಬಂದಿತು. ಆದರೆ ಬಿಸಿಯಾದ ಕ್ಷಾರದ ನೀರು ಚರ್ಮವನ್ನೂ ಕಣ್ಣನ್ನೂ ಸುಡುವಂಥದು. ಆದಕಾರಣ ಮನೆಯ ಐದು ವರ್ಷದ ಹುಡುಗಿಯನ್ನು ಹೊಸಲಿನ ಆಚೆಯೇ ನಿಲ್ಲಿಸಿದ್ದೆವು. ಸಿದ್ಧವಾದ ಎಲೆಯನ್ನು ಕೊಟ್ಟಾಗ ಅವಳು ಒಮ್ಮೆ ನೋಡಿ ಕೆಳಗಿಟ್ಟು ಹೊರಟುಹೋದಳು. ಮರುವರ್ಷ ಮಡಕೆಯ ಕೆಲಸವನ್ನೆಲ್ಲ ಅವಳ ವಶಕ್ಕೆ ಬಿಟ್ಟೆವು. ಎಂಟು ಎಲೆಗಳಲ್ಲಿ ಐದು ಹರಿದುಹೋದುವು. ಉಳಿದ ಮೂರನ್ನು ಅವಳು ಊರಿಗೆಲ್ಲ ತೋರಿಸಿ ಬಂದಳು. ಅಂದಿನಿಂದ ಸೋಡದ ದಾರಿಯನ್ನು ನಾವು ಯಾರಿಗೂ ಸೂಚಿಸುವುದಿಲ್ಲ.

ಬಿಸಿಲು ಬರೆದ ಎಲೆ

ಮಡಕೆಯಲ್ಲಿ ಎಲೆಗಳು ಕೊಳೆಯುತ್ತಿರುವಾಗ ಎರಡನೆಯ ಕೆಲಸವನ್ನು ಕೈಗೊಳ್ಳಬಹುದು. ಅರಿಶಿನದ ಎರಡು ಗುಣಗಳು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದವು. ಬಟ್ಟೆಗೆ ಹತ್ತಿದ ಅರಿಶಿನದ ಕಲೆಗೆ ಸಾಬೂನು ತಾಗಿದೊಡನೆ ಅದು ಕೆಂಪಾಗುತ್ತದೆ. ಅದೇ ಬಟ್ಟೆಯನ್ನು ಬಿಸಿಲಿನಲ್ಲಿ ಹರವಿದರೆ ಕಲೆ ಕ್ರಮೇಣ ಮಾಸಿಹೋಗುತ್ತದೆ. ಈ ಎರಡನ್ನೂ ಜೊತೆಗೂಡಿಸಿದರೆ ಸೂರ್ಯನಿಂದಲೇ ಚಿತ್ರ ಬರೆಯಿಸಬಹುದು.

ಎರಡು ಚಮಚ ಅರಿಶಿನದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಗೀಟುಗಳಿಲ್ಲದ ದಪ್ಪನೆಯ ಬಿಳಿಯ ಕಾಗದಕ್ಕೆ ಅರಿವೆಯ ಉಂಡೆಯಿಂದ ಸಮನಾಗಿ ಬಳಿಯಬೇಕು. ಮಕ್ಕಳಿಗೆ ಈ ಭಾಗ ಬಲು ಪ್ರಿಯ. ಹಳೆಯ ಬಟ್ಟೆ ತೊಡಿಸಿರುವುದು ಒಳ್ಳೆಯದು. ಕಾಗದವನ್ನು ನೆರಳಿನಲ್ಲಿಯೇ ಒಣಗಿಸಿ, ಮೇಲೆ ಉಳಿದ ಪುಡಿಯನ್ನು ಕೊಡವಿಬಿಡಬೇಕು. ಅನಂತರ ಅಂದವಾದ ಅಂಚುಳ್ಳ ಎಲೆಯೊಂದನ್ನು ಅದರ ಮೇಲಿರಿಸಿ, ಅಲುಗದಂತೆ ಗಾಜಿನ ಹಲಗೆಯೊಂದನ್ನು ಹೊದಿಸಿ ಬಿಸಿಲಿನಲ್ಲಿಡಬೇಕು. ಜರಿಗಿಡದ ಎಲೆ, ಹುಣಿಸೆಯ ಎಲೆ, ನುಗ್ಗೆಯ ಎಲೆ ಇವೆಲ್ಲ ಚೆನ್ನಾಗಿ ಒದಗುತ್ತವೆ. ಗಾಜಿನ ಅಂಚು ಕೈ ಕೊಯ್ಯದಂತೆ ಮೊದಲೇ ಕಾಗದದ ಪಟ್ಟಿಯನ್ನು ಅಂಟಿಸುವುದು ದೊಡ್ಡವರ ಹೊಣೆ.

ಒಳ್ಳೆಯ ಬಿಸಿಲಿದ್ದರೆ ಕೆಲವು ಗಂಟೆಗಳಲ್ಲಿ, ಮೋಡವಿದ್ದರೆ ಎರಡು ಮೂರು ದಿನಗಳಲ್ಲಿ, ಬಯಲಿಗೆ ತೆರೆದ ಭಾಗ ಬಿಳಿಚಿಕೊಳ್ಳುತ್ತದೆ. ಎಲೆಯನ್ನೆತ್ತಿದರೆ ಅದರ ಆಕಾರ ಮಾತ್ರ ಹಳದಿಯಾಗಿ ಉಳಿದಿರುತ್ತದೆ. ಈಗ ಸಾಬೂನು ಕರಗಿಸಿದ ನೀರಿನಲ್ಲಿ ಅರಿವೆಯನ್ನದ್ದಿ ಕಾಗದದ ಮೇಲೆ ಮೆಲ್ಲನೆ ಒತ್ತುವ ಕೆಲಸ ಮಗುವಿನದು. ಹಳದಿಯ ಎಲೆ ಕಣ್ಣೆದುರಿಗೇ ಕೆಂಪಾಗಿ ಎದ್ದು ಬರುತ್ತದೆ. ನಿಂಬೆಯ ರಸವನ್ನು ತಾಗಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ.

ಅರಿಶಿನಕ್ಕೆ ಬಣ್ಣ ಕೊಟ್ಟಿರುವ ವಸ್ತು ಕರ್ಕ್ಯುಮಿನ್. ಅದರ ಅಣುವು ಆಮ್ಲದ ಸಂಪರ್ಕದಲ್ಲಿ ಹಳದಿಯಾಗಿಯೂ ಕ್ಷಾರದ ಸಂಪರ್ಕದಲ್ಲಿ ಕೆಂಪಾಗಿಯೂ ತೋರುತ್ತದೆ, ಸಾಬೂನು ಕ್ಷಾರಗುಣವುಳ್ಳದ್ದು. ಹಬ್ಬದ ದಿನ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಗೆ ಕೆಂಪುನೀರು ಮಾಡುವಾಗ ನಮ್ಮ ಅಜ್ಜಿಯರು ಮಾಡುವುದೂ ಇದೇ ಪರೀಕ್ಷೆಯನ್ನು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬಳಸುವ ಲಿಟ್ಮಸ್ ಕಾಗದಕ್ಕೆ ಇದು ಬಂಧುವೆನ್ನಬಹುದು. ಆಮ್ಲ ಕ್ಷಾರಗಳಿಂದ ಆಗುವ ಈ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಬಹುದು. ಬಿಸಿಲಿನಿಂದ ಆದುದು ಹಾಗಲ್ಲ. ಬೆಳಕು ಕರ್ಕ್ಯುಮಿನ್ನಿನ ಅಣುವನ್ನೇ ಒಡೆದುಹಾಕುತ್ತದೆ. ನಿಂಬೆಯಾಗಲಿ ಸಾಬೂನಾಗಲಿ ಅದನ್ನು ಮರಳಿ ಕೂಡಿಸಲಾರವು. ಒಂದೇ ಕಾಗದದ ಮೇಲೆ ತಿರುಗಿ ಬರುವ ಬದಲಾವಣೆ, ಬಾರದ ಬದಲಾವಣೆ ಎರಡನ್ನೂ ಮಗು ನೋಡುತ್ತದೆ.

ಆಂಗ್ಲ ವಿಜ್ಞಾನಿ ಜಾನ್ ಹರ್ಷೆಲ್ ೧೮೪೨ರಲ್ಲಿ ಹೂಗಳ ರಸವನ್ನು ಕಾಗದಕ್ಕೆ ಬಳಿದು, ಸೂರ್ಯನ ಬೆಳಕಿನಲ್ಲಿ ಅದು ಮಾಸುವ ರೀತಿಯನ್ನು ಪರೀಕ್ಷಿಸಿ ವರದಿ ಮಾಡಿದನು. ಛಾಯಾಚಿತ್ರಣವು ಆಗಿನ್ನೂ ಎಳೆಯ ಕಲೆ. ಅದಕ್ಕೆ ಬೆಳ್ಳಿಯ ಲವಣಗಳು ಹೆಚ್ಚು ತ್ವರಿತವಾಗಿ ಒದಗಿದುದರಿಂದ ಹೂವಿನ ರಸ ಹಿಂದುಳಿಯಿತು. ಹರ್ಷೆಲನ ಚಿತ್ರಗಳಂತೆ ನಮ್ಮ ಅರಿಶಿನದ ಚಿತ್ರವೂ ಬೆಳಕಿನಲ್ಲಿಟ್ಟರೆ ಅಳಿದುಹೋಗುತ್ತದೆ. ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುವುದೇ ಅದಕ್ಕೆ ತಕ್ಕ ರಕ್ಷಣೆ.

ಊಬಿನ ಹುಲ್ಲಿನ ಮುಳ್ಳು

ಮೂರನೆಯ ಕೆಲಸಕ್ಕೆ ಬೇಕಾದ ವಸ್ತುವನ್ನು ನಾವು ಯಾರೂ ಪ್ರೀತಿಯಿಂದ ನೋಡುವುದಿಲ್ಲ. ಮಳೆಗಾಲ ಮುಗಿದ ಮೇಲೆ ಗುಡ್ಡದ ಓರೆಯಲ್ಲಿ, ಬೀಡುಬಿದ್ದ ಹೊಲದಲ್ಲಿ ನಡೆದು ಬಂದರೆ ಪಂಚೆ, ಸೀರೆಗಳ ಅಂಚಿಗೆ ಸಾಲಾಗಿ ಚುಚ್ಚಿಕೊಳ್ಳುವ ಹುಲ್ಲಿನ ಬೀಜಗಳಲ್ಲಿ ಇದೊಂದು. ಬಲಿತಾಗ ಇದರ ತೆನೆಯಿಂದ ಹೊರಟ ಕಪ್ಪನೆಯ ಉದ್ದವಾದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಸಿಕ್ಕಾಗಿರುತ್ತವೆ. ಆ ಎಳೆಯೇ ಊಬು. ಬೀಜದ ತಳ ಸೂಜಿಯಂತೆ ಮೊನಚು. ಅದರ ಮೇಲೆ ಹಿಮ್ಮುಖವಾಗಿ ನಿಂತ ಗಡುಸಾದ ರೋಮಗಳಿರುವುದರಿಂದ ಒಮ್ಮೆ ಚುಚ್ಚಿದ್ದು ಸುಲಭವಾಗಿ ಹೊರಬರುವುದಿಲ್ಲ. ಇದನ್ನು ತರುವುದೂ ಮೊನೆಯನ್ನು ಹಿಡಿಯುವುದೂ ದೊಡ್ಡವರ ಕೆಲಸ. ಮಗುವಿನ ಕೈಗೆ ಬೀಜವನ್ನು ಬಿಡಿಯಾಗಿ ಕೊಡಬಾರದು.

ಊಬನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಕೆಳಭಾಗ ಹಗ್ಗದಂತೆ ಹುರಿಗೊಂಡಿರುತ್ತದೆ. ಮೇಲ್ಭಾಗ ನೇರವಾದ ಸಣ್ಣ ಕೂದಲಿನಂತಿದ್ದು, ಮೊಣಕೈಯಂತೆ ಪಕ್ಕಕ್ಕೆ ಬಾಗಿರುತ್ತದೆ. ದಪ್ಪ ರಟ್ಟಿನ ಮೇಲೆ ಮಗು ಬಳೆಯೊಂದನ್ನಿಟ್ಟು ವೃತ್ತವೆಳೆಯಲಿ. ವೃತ್ತದ ನಡುವೆ ಮೇಣದ ಸಣ್ಣ ಉಂಡೆಯನ್ನು ಅಂಟಿಸಿ, ಬೀಜದ ಮೊನೆಯನ್ನು ಅದರೊಳಕ್ಕೆ ಪೂರ್ತಿಯಾಗಿ ಒತ್ತಿ, ಹುರಿಯ ಭಾಗ ನೆಟ್ಟಗೆ ನಿಲ್ಲುವಂತೆ ಮಾಡಬೇಕು. ಆಗ ಬಾಗಿದ ತುದಿಯು ಗಡಿಯಾರದ ಮುಳ್ಳಿನಂತೆ ವೃತ್ತದ ಮೇಲೆ ಚಾಚಿಕೊಳ್ಳುತ್ತದೆ. ಅದು ಸಾಕಷ್ಟು ಬಾಗಿರದಿದ್ದರೆ ತೆಳುವಾದ ಒಣಹುಲ್ಲಿನ ಕಡ್ಡಿಯೊಂದನ್ನು ಅಂಟಿನಿಂದ ಅಡ್ಡಲಾಗಿ ಸೇರಿಸಬಹುದು.

ಈಗ ಹುರಿಯ ಮೇಲೆ ಒಂದು ಹನಿ ನೀರನ್ನು ಮಗು ಬಿಡಲಿ. ಮುಳ್ಳು ಕಾಣದ ಕೈಯೊಂದು ತಿರುಗಿಸಿದಂತೆ ವೃತ್ತದ ಮೇಲೆ ಸುತ್ತತೊಡಗುತ್ತದೆ. ಎಷ್ಟು ಸುತ್ತು ಸುತ್ತಿತೆಂದು ಮಗುವೇ ಎಣಿಸಲಿ. ನೀರು ಆರಿದಂತೆ ಮುಳ್ಳು ಬಂದ ದಾರಿಯನ್ನೇ ಹಿಡಿದು ಮರಳುತ್ತದೆ. ಅನಂತರ ರಟ್ಟನ್ನು ಕಿಟಕಿಯ ಬಳಿ, ಮಳೆಯ ಎರಚಲು ತಾಗದ ಕಡೆ ಇರಿಸಿ, ಬೆಳಿಗ್ಗೆಯೂ ಮಧ್ಯಾಹ್ನವೂ ಮುಳ್ಳು ನಿಂತ ಸ್ಥಳಕ್ಕೆ ಗುರುತು ಹಾಕುತ್ತ ಹೋಗಬೇಕು. ಮಂಜು ಕವಿದ ಬೆಳಗಿನಲ್ಲಿ ಅದು ಒಂದು ಕಡೆಗೂ, ಒಣಗಾಳಿಯ ಮಧ್ಯಾಹ್ನದಲ್ಲಿ ಇನ್ನೊಂದು ಕಡೆಗೂ ಸರಿಯುವುದನ್ನು ನಾಲ್ಕೈದು ದಿನಗಳಲ್ಲಿಯೇ ಕಾಣಬಹುದು. ಮಗುವು ಮಾಡಿರುವುದು ಆರ್ದ್ರತಾಮಾಪಕವನ್ನು, ಎಂದರೆ ಗಾಳಿಯಲ್ಲಿರುವ ತೇವವನ್ನು ತೋರಿಸುವ ಉಪಕರಣವನ್ನು.

ಊಬಿನಲ್ಲಿ ಜೀವವಿಲ್ಲ, ಆದರೂ ಚಲನೆಯಿದೆ. ಅದರ ಕೋಶಗಳ ಭಿತ್ತಿಯಲ್ಲಿ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ಸುರುಳಿಯಾಗಿ ಸುತ್ತಿಕೊಂಡಿವೆ. ತೇವವನ್ನು ಹೀರಿದಾಗ ಭಿತ್ತಿಯು ಎಳೆಗಳ ಉದ್ದಕ್ಕೆ ಹಿಗ್ಗಲಾರದೆ ಅವುಗಳ ಅಡ್ಡಕ್ಕೆ ಹಿಗ್ಗುತ್ತದೆ. ಆದುದರಿಂದ ಒಂದೊಂದು ಕೋಶವೂ ಇಷ್ಟಿಷ್ಟು ತಿರುಚಿಕೊಂಡು, ಎಲ್ಲವೂ ಸೇರಿ ಹುರಿಯನ್ನು ಬಿಚ್ಚುತ್ತವೆ. ಒಣಗಿದಾಗ ಹುರಿ ಮತ್ತೆ ಬಿಗಿಯುತ್ತದೆ. ಹುಲ್ಲಿಗೆ ಇದರಿಂದ ಲಾಭವುಂಟು. ನೆಲಕ್ಕೆ ಬಿದ್ದ ಬೀಜ ಹಗಲಿನ ಶುಷ್ಕತೆಗೂ ಇರುಳಿನ ಇಬ್ಬನಿಗೂ ಸಿಕ್ಕಿ ಅತ್ತಿತ್ತ ತಿರುಗುತ್ತ, ಬೈರಿಗೆಯಂತೆ ಮಣ್ಣನ್ನು ಕೊರೆದು ಒಳಗಿಳಿಯುತ್ತದೆ. ಹಿಮ್ಮುಖವಾದ ರೋಮಗಳು ಅದನ್ನು ಹಿಂದಕ್ಕೆ ಬರಗೊಡುವುದಿಲ್ಲ. ನಮ್ಮ ಪಂಚೆಯ ಅಂಚನ್ನೂ ಅದು ನೆಲವೆಂದೇ ಭಾವಿಸಿದಂತಿದೆ! ಚಾರ್ಲ್ಸ್ ಡಾರ್ವಿನ್ನನ ಮಗನಾದ ಫ್ರಾನ್ಸಿಸ್ ಡಾರ್ವಿನ್ ೧೮೭೬ರಲ್ಲಿ ಇಂಥ ಬೀಜಗಳ ಚಲನೆಯನ್ನು ಕುರಿತು ವಿವರವಾದ ಲೇಖನವನ್ನು ಬರೆದನು. ಲೇಖನದ ಮೊದಲಲ್ಲಿ ಹೇಳಿದ ಪೈನ್ ಕಾಯಿ ಒಣಗಿದಾಗ ತೆರೆದು ತೊಯ್ದಾಗ ಮುಚ್ಚಿಕೊಳ್ಳುವುದೂ ತೇವದಿಂದ ಆಗುವ ಇಂಥ ಅಸಮವಾದ ಹಿಗ್ಗುವಿಕೆಯಿಂದಲೇ.

ಈ ಆಟಿಕೆಗೆ ಗಂಭೀರವಾದ ಇತಿಹಾಸವಿದೆ. ರಾಬರ್ಟ್ ಹುಕ್ ೧೬೬೫ರಲ್ಲಿ ಪ್ರಕಟವಾದ ತನ್ನ 'ಮೈಕ್ರೊಗ್ರಾಫಿಯ' ಗ್ರಂಥದಲ್ಲಿ ಕಾಡು ಓಟ್ಸಿನ ಊಬಿನಿಂದ ಗಾಳಿಯ ತೇವವನ್ನು ತಿಳಿಯುವ ಉಪಾಯವನ್ನು ವಿವರಿಸಿದ್ದನು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದೇ ವಿಚಾರ ನಮ್ಮ ನಾಡಿನಲ್ಲಿಯೇ ಹೊಸ ರೂಪ ತಾಳಿತು. ಆಗ ವಿಲಿಯಂ ಲ್ಯಾಂಬ್ಟನ್ನನು ದಕ್ಷಿಣ ಭಾರತದ ತ್ರಿಕೋನಮಿತೀಯ ಮೋಜಣಿಯನ್ನು ನಡೆಸುತ್ತಿದ್ದನು. ದೂರದ ಗುಡ್ಡಗಳನ್ನು ದುರ್ಬೀನಿನಿಂದ ನೋಡಿ ಕೋನಗಳನ್ನು ಅಳೆಯುವಾಗ ಬೆಳಕು ವಾಯುವಿನಲ್ಲಿ ಬಾಗಿ ಬರುವುದರಿಂದ, ವಾಯುವಿನ ಸ್ಥಿತಿಯನ್ನು ಬಲ್ಲುದು ಮೋಜಣಿದಾರರಿಗೆ ಮುಖ್ಯವಾಗಿತ್ತು. ಲ್ಯಾಂಬ್ಟನ್ನನ ಸಹಾಯಕರಲ್ಲಿ ಹೆನ್ರಿ ಕೇಟರ್ ಎಂಬ ತರುಣ ಸೈನ್ಯಾಧಿಕಾರಿಯೊಬ್ಬನಿದ್ದನು. ಮೈಸೂರು ಸೀಮೆಯಲ್ಲಿ ಬೆಳೆಯುವ ಹುಲ್ಲೊಂದರ ಊಬನ್ನು ಬಳಸಿ ಅವನು ಅತಿಸೂಕ್ಷ್ಮವಾದ ಆರ್ದ್ರತಾಮಾಪಕವೊಂದನ್ನು ನಿರ್ಮಿಸಿದನು. ಅದರ ವರ್ಣನೆ ಕಲ್ಕತ್ತೆಯ 'ಏಷ್ಯಾಟಿಕ್ ರಿಸರ್ಚಸ್' ಗ್ರಂಥಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ಆ ಹುಲ್ಲಿನ ಕನ್ನಡದ ಹೆಸರನ್ನೂ ಅವನು ಇಂಗ್ಲಿಷಿನ ಅಕ್ಷರಗಳಲ್ಲಿ ಅಲ್ಲಿ ಬರೆದಿಟ್ಟನು: 'ಊಬಿನ ಹುಲ್ಲು'. ಗುರುತ್ವಾಕರ್ಷಣೆಯನ್ನು ಅಳೆಯುವ ಲೋಲಕಕ್ಕೆ ಭೌತಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಯಾರ ಹೆಸರನ್ನು ಹೇಳುತ್ತಾರೆಯೋ ಆ ಕೇಟರನೇ ಈತ.

ಬಯಲಿನಲ್ಲಿ ಆ ಹುಲ್ಲು ಅಂದೂ ಇತ್ತು, ಇಂದೂ ಇದೆ. ಅದರ ಹೆಸರು ನಮ್ಮವರ ಬಾಯಲ್ಲಿ ಕೇಟರನಿಗಿಂತ ಮೊದಲೇ ಇತ್ತು. ಅವನು ಕೇಳಿ ಬರೆದುಕೊಂಡನು. ಎಷ್ಟೋ ಮಂದಿ ತಮ್ಮ ಬಟ್ಟೆಯಿಂದ ಕಿತ್ತು ಬಿಸುಟ ಬೀಜವನ್ನು ಒಬ್ಬನು ಕೈಯಲ್ಲಿ ಹಿಡಿದು, ಅದು ತಿರುಗುವುದನ್ನು ಕಂಡು, ಅದಕ್ಕೊಂದು ಅಳತೆಯ ವೃತ್ತವನ್ನು ಜೋಡಿಸಿದನು. ಅವನು ಮಾಡಿದ್ದಕ್ಕೂ ರಟ್ಟಿನ ಮೇಲೆ ಬಳೆಯಿಟ್ಟು ಗೀಟೆಳೆದ ಮಗು ಮಾಡಿದ್ದಕ್ಕೂ ನಿಷ್ಕೃಷ್ಟತೆಯಲ್ಲಿ ಬಹಳ ಅಂತರವಿದೆ, ಜಾತಿಯಲ್ಲಿ ಅಂತರವಿಲ್ಲ.

ಕೈಕೆಲಸವೆಂದರೆ ಮಕ್ಕಳನ್ನು ಗಲಾಟೆಮಾಡದಂತೆ ಕೂರಿಸುವ ಉಪಾಯವೆಂದು ಭಾವಿಸುವವರುಂಟು. ಕೊಳೆಯುವುದನ್ನು ಕಾಯುತ್ತ ಕುಳಿತ, ಬಿಸಿಲು ಮಾಸಿಸಿದುದನ್ನು ಸಾಬೂನಿನಿಂದ ಎಬ್ಬಿಸಲು ಹೋಗಿ ಸೋತ, ಮುಳ್ಳಿನ ಸುತ್ತುಗಳನ್ನು ಎಣಿಸಿ ತಪ್ಪಿ ಮತ್ತೆ ಎಣಿಸಿದ ಮಗುವನ್ನು ಒಮ್ಮೆ ನೋಡಿದವರು ಹಾಗೆ ಹೇಳಲಾರರು. ದೀಪಾವಳಿಯ ಸಂಜೆ ಅರಳಿಯ ಹಂದರವನ್ನು ಆಕಾಶಬುಟ್ಟಿಯ ಕಾಗದಕ್ಕೆ ಅಂಟಿಸಿ ಒಳಗಿನ ದೀಪ ಹಚ್ಚಿರಿ, ನರನರವೂ ಕಾಣುತ್ತದೆ. ಅದು ಹೇಗೆ ಬಂತೆಂದು ನೆಂಟರು ಕೇಳಿದರೆ ಉತ್ತರವನ್ನು ಮಗುವೇ ಹೇಳಲಿ; ನೀವು ನಡುವೆ ಬಾಯಿ ಹಾಕದಿರಿ.